ಹತ್ತು ಜನರಿಲ್ಲದ ಪ್ರಾರ್ಥನೆ

ಕೊರೊನಾ ಕಾಲದ ಧರ್ಮಾಚರಣೆಯ ಮಾತು ಬಂದಾಗ ಓದಿಕೊಂಡವರ ನಡುವೆಯೂ ಎರಡು ತೀರ್ಮಾನಗಳು ಒಟ್ಟೊಟ್ಟಿಗೇ ಕೇಳಿಬರುತ್ತವೆ. ಮೊದಲನೆಯದು: 2020ರಲ್ಲಿ ಪ್ರತಿಯೊಂದು ಧರ್ಮವೂ ದೇವರು ಬೇಕೋ ವೈದ್ಯರು ಬೇಕೋ ಎಂದು ತೀರ್ಮಾನಿಸಬೇಕಾಯಿತು; ಬಾಗಿಲು ಹಾಕಿದವರು ವಿಜ್ಞಾನಕ್ಕೆ ತಲೆಬಾಗಿದರು, ತೆರೆದಿಟ್ಟವರು ನಂಬಿಕೆಗೆ ಅಂಟಿಕೊಂಡರು. ಎರಡನೆಯದು: ಬಾಗಿಲು ಹಾಕಿದ ಮೇಲೆ ಜನ ಮನೆಯಲ್ಲೇ ಕೂತು, ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಪ್ರಾರ್ಥಿಸಿದರು, ಏನೂ ಮುಳುಗಿಹೋಗಲಿಲ್ಲ, ಹಾಗಾಗಿ ಒಂದೆಡೆ ಸೇರುವುದು ಬರೀ ರೂಢಿ, ಧರ್ಮದ ತಿರುಳಲ್ಲ. ಈ ಎರಡಕ್ಕೂ ಯೆಹೂದ್ಯರ ಉದಾಹರಣೆಯನ್ನೇ ಹೆಚ್ಚಾಗಿ ಮುಂದಿಡುತ್ತಾರೆ. ಒಂದು ಕಡೆ ಇಸ್ರೇಲಿನ ಬ್ನೇ ಬ್ರಾಕ್‌ನಲ್ಲೂ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲೂ ಕಪ್ಪು ಕೋಟು ತೊಟ್ಟವರು ಗುಂಪುಗೂಡಿದ ಚಿತ್ರಗಳು, ಇನ್ನೊಂದು ಕಡೆ ಝೂಮ್‌ನಲ್ಲಿ ಸೇರಿ ಪ್ರಾರ್ಥಿಸಿದ ಕುಟುಂಬಗಳ ಚಿತ್ರಗಳು. ಎರಡು ತೀರ್ಮಾನಗಳೂ ತಪ್ಪು, ಅದೂ ಒಂದೇ ಕಾರಣಕ್ಕೆ ತಪ್ಪು ಎಂಬುದು ನನ್ನ ವಾದ. ಯೆಹೂದ್ಯರ ಸಾಮೂಹಿಕ ಪ್ರಾರ್ಥನೆ ಯಾವುದರಿಂದ ಆಗಿದೆ ಎಂದು ನೋಡಿದರೆ ಅದು ತಿಳಿಯುತ್ತದೆ.

ಮೊದಲು ಆ ತೀರ್ಮಾನಗಳ ಪರವಾಗಿ ಹೇಳಬಹುದಾದದ್ದನ್ನೆಲ್ಲ ಹೇಳಿಬಿಡೋಣ. ಯೆಹೂದ್ಯರ ಪ್ರಾರ್ಥನಾಲಯಗಳಾದ ಸಿನಗಾಗ್‌ಗಳಿಂದ ಸೋಂಕು ಹರಡಿದ್ದು ನಿಜ. ಅಮೆರಿಕದಲ್ಲಿ ಮೊದಮೊದಲು ಗುರುತಿಸಿದ ಸೋಂಕಿನ ಗುಂಪುಗಳಲ್ಲಿ ಒಂದು, 2020ರ ಮಾರ್ಚ್ ಆರಂಭದಲ್ಲಿ ನ್ಯೂಯಾರ್ಕಿಗೆ ಅಂಟಿಕೊಂಡ ನ್ಯೂ ರೋಶೆಲ್ ಪಟ್ಟಣದ ಒಂದು ಸಿನಗಾಗ್ ಸುತ್ತಲೇ ಕಾಣಿಸಿಕೊಂಡಿತು. ಪ್ರಾರ್ಥನೆಗೆ ಸೇರುವ ಹಟ ಸಾವುನೋವಿಗೆ ದಾರಿಯಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಪರದೆಯ ಮೂಲಕ ಸೇರಿದವರಿಗೆ ಸಮಾಧಾನ ಸಿಕ್ಕಿದ್ದೂ ನಿಜ. ಮಂಚ ಬಿಟ್ಟು ಏಳಲಾರದ ಮುದುಕಿ ವರ್ಷಗಳ ನಂತರ ತನ್ನ ಸಭೆಯ ಹಾಡು ಕೇಳಿದ್ದನ್ನು ಕ್ಷುಲ್ಲಕ ಎನ್ನುವವರಿಗೆ ಮನಸ್ಸಿಲ್ಲ ಎಂದೇ ಹೇಳಬೇಕು. ದೇವರು ಎಲ್ಲೆಡೆ ಇರುವಾಗ ಕಟ್ಟಡವೇ ಏಕೆ ಬೇಕು ಎಂಬ ಪ್ರಶ್ನೆಯೂ ಹಗುರವಾದದ್ದಲ್ಲ.

ಕನ್ನಡದ ಓದುಗರಿಗೆ ಈ ತೀರ್ಮಾನಗಳು ಸಹಜವೆನ್ನಿಸಲು ಇನ್ನೊಂದು ಕಾರಣವಿದೆ. ಲಾಕ್‌ಡೌನ್ ಸಮಯದಲ್ಲಿ ನಮ್ಮ ದೇವಸ್ಥಾನಗಳ ಬಾಗಿಲು ಭಕ್ತರಿಗೆ ಮುಚ್ಚಿತ್ತು, ಪೂಜೆ ನಿಂತಿರಲಿಲ್ಲ. ಅರ್ಚಕರು ಬೆಳಿಗ್ಗೆ ಬಾಗಿಲು ತೆಗೆದು, ಅಭಿಷೇಕ ಮಾಡಿ, ಮಂಗಳಾರತಿ ಬೆಳಗಿ ಮತ್ತೆ ಬೀಗ ಹಾಕುತ್ತಿದ್ದರು. ಭಕ್ತನಿಗೆ ದರ್ಶನ ತಪ್ಪಿತೇ ಹೊರತು ದೇವರಿಗೆ ಸಲ್ಲಬೇಕಾದ್ದು ಸಲ್ಲುತ್ತಿತ್ತು. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಸಿನಗಾಗ್ ನೋಡಿದರೆ ದಾರಿ ತಪ್ಪುತ್ತೇವೆ. ಅಲ್ಲಿ ಮೂರ್ತಿಯಿಲ್ಲ, ಗರ್ಭಗುಡಿಯಿಲ್ಲ, ಜನರ ಪರವಾಗಿ ಒಬ್ಬನೇ ನಿಂತು ಪೂಜೆ ಮುಗಿಸಬಲ್ಲ ಅರ್ಚಕನೂ ಇಲ್ಲ. ಕ್ರಿಸ್ತಶಕ 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಬಲಿಯ ಜಾಗಕ್ಕೆ ಪ್ರಾರ್ಥನೆ ಬಂತು, ಪುರೋಹಿತನ ಜಾಗಕ್ಕೆ ಸಭೆ ಬಂತು. ರಬ್ಬಿ ಎಂದರೆ ಕಾನೂನು ಬಲ್ಲ ಗುರು. ಅವನಿಲ್ಲದೆಯೂ ಪ್ರಾರ್ಥನೆ ನಡೆಯುತ್ತದೆ. ಜನರಿಲ್ಲದೆ ಮಾತ್ರ ನಡೆಯುವುದಿಲ್ಲ.

ಎಷ್ಟು ಜನ? ಹತ್ತು. ಈ ಹತ್ತರ ಕೂಟಕ್ಕೆ ಮಿನ್ಯಾನ್ ಎನ್ನುತ್ತಾರೆ. ಒಬ್ಬ ಯೆಹೂದ್ಯ ದಿನಕ್ಕೆ ಮೂರು ಬಾರಿ ಒಂಟಿಯಾಗಿ ಪ್ರಾರ್ಥಿಸಬಹುದು, ಅದು ಸಲ್ಲುತ್ತದೆ. ಆದರೆ ತೋರಾ ಎಂಬ ಧರ್ಮಗ್ರಂಥದ ಸುರುಳಿಯನ್ನು ಬಿಚ್ಚಿ ವಿಧಿವತ್ತಾಗಿ ಓದುವುದು, ದೇವರ ಪಾವಿತ್ರ್ಯವನ್ನು ಒಕ್ಕೊರಲಿನಿಂದ ಸಾರುವ ಭಾಗ, ಸತ್ತವರಿಗಾಗಿ ಮಕ್ಕಳು ಹೇಳುವ ಕದ್ದೀಶ್, ಇವೆಲ್ಲಕ್ಕೂ ಹತ್ತು ಜನ ಬೇಕೇ ಬೇಕು. ಒಂಬತ್ತು ಮಂದಿ ಮಹಾಪಂಡಿತರಿದ್ದರೂ ಆಗದ್ದು, ಹದಿಮೂರು ತುಂಬಿದ ಹುಡುಗನೊಬ್ಬ ಬಾಗಿಲಲ್ಲಿ ಕಾಣಿಸಿಕೊಂಡರೆ ಆಗುತ್ತದೆ. (ಸಾಂಪ್ರದಾಯಿಕ ಆರ್ಥೊಡಾಕ್ಸ್ ಪಂಗಡ ಇಂದಿಗೂ ಗಂಡಸರನ್ನು ಮಾತ್ರ ಎಣಿಸುತ್ತದೆ. ಕನ್ಸರ್ವೇಟಿವ್ ಪಂಗಡ 1973ರಲ್ಲಿ ಹೆಂಗಸರನ್ನೂ ಎಣಿಸಲು ಅವಕಾಶ ಕೊಟ್ಟಿತು. ತಂದೆಯನ್ನು ಕಳೆದುಕೊಂಡ ಮಗಳು ಅದೇ ಕೋಣೆಯಲ್ಲಿದ್ದೂ ಲೆಕ್ಕಕ್ಕಿಲ್ಲ ಎನ್ನುವುದನ್ನು ನಾನು ಒಪ್ಪಲಾರೆ. ಆದರೆ ಯಾರನ್ನು ಎಣಿಸಬೇಕು ಎಂಬ ಜಗಳ ಬೇರೆ, ಎಣಿಸುವುದೇಕೆ ಎಂಬ ಪ್ರಶ್ನೆ ಬೇರೆ.) ಈ ಹತ್ತರ ತೂಕ ಎಷ್ಟೆಂದರೆ, ರಬ್ಬಿ ಎಲಿಯೆಜರ್ ಒಮ್ಮೆ ಸಿನಗಾಗ್‌ಗೆ ಬಂದಾಗ ಒಬ್ಬ ಕಡಿಮೆಯಿದ್ದದ್ದನ್ನು ಕಂಡು ತನ್ನ ಗುಲಾಮನನ್ನು ಅಲ್ಲೇ ಬಿಡುಗಡೆ ಮಾಡಿ ಸಂಖ್ಯೆ ತುಂಬಿಸಿಕೊಂಡನೆಂದು ತಾಲ್ಮುದ್ ಎಂಬ ಪ್ರಾಚೀನ ಗ್ರಂಥ ದಾಖಲಿಸುತ್ತದೆ. ನಮ್ಮ ಪಕ್ಕದ ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಇದೆ. ಅಲ್ಲಿನವರು ಇಸ್ರೇಲಿಗೆ ವಲಸೆ ಹೋದಂತೆ ಹತ್ತು ಗಂಡಸರು ಸಿಗುವುದೇ ಕಷ್ಟವಾಗಿ, ಪ್ರವಾಸಿ ಯೆಹೂದ್ಯರು ಬಂದ ದಿನ ಮಾತ್ರ ಪೂರ್ಣ ಪ್ರಾರ್ಥನೆ ಎಂಬಂತಾಯಿತು. ಊರು ಬರಿದಾಯಿತೆಂದು ಹತ್ತನ್ನು ಏಳಕ್ಕೆ ಇಳಿಸಿಕೊಳ್ಳುವ ಆಲೋಚನೆ ಅವರಿಗೆ ಬರಲಿಲ್ಲ.

ಇಷ್ಟು ತೂಕದ ನಿಯಮವಿರುವಾಗ 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದವರು ಯಾರು? ಇಲ್ಲಿ ದಿನಾಂಕಗಳನ್ನು ಗಮನಿಸಬೇಕು. ನ್ಯೂಜೆರ್ಸಿಯ ಬರ್ಗನ್ ಕೌಂಟಿಯ ಆರ್ಥೊಡಾಕ್ಸ್ ರಬ್ಬಿಗಳ ಮಂಡಳಿ ತನ್ನ ಎಲ್ಲ ಸಿನಗಾಗ್‌ಗಳನ್ನು ಮುಚ್ಚಿ, ಮನೆಗಳಲ್ಲೂ ಮಿನ್ಯಾನ್ ಕೂಡಿಸಬಾರದೆಂದು ಹೇಳಿದ್ದು ಮಾರ್ಚ್ 12ರಂದು. ಆ ರಾಜ್ಯದ ಗವರ್ನರು ಮನೆಯಲ್ಲೇ ಇರಿ ಎಂದು ಆಜ್ಞೆ ಹೊರಡಿಸಿದ್ದು 21ರಂದು. ಲಂಡನ್ನಿನ ಯುನೈಟೆಡ್ ಸಿನಗಾಗ್ ಸಂಸ್ಥೆ 1870ರಲ್ಲಿ ಹುಟ್ಟಿದ್ದು. ಅದು ತನ್ನ ಸಿನಗಾಗ್‌ಗಳ ಚಟುವಟಿಕೆಯನ್ನೆಲ್ಲ ನಿಲ್ಲಿಸಿದ್ದು ಮಾರ್ಚ್ 17ರಂದು, ಬ್ರಿಟಿಷ್ ಸರ್ಕಾರ ಪ್ರಾರ್ಥನಾಲಯಗಳನ್ನು ಮುಚ್ಚಿಸಿದ್ದು 23ರಂದು. ಅಂದರೆ ಸರ್ಕಾರದ ಲಾಠಿಗೆ ಹೆದರಿ ಧರ್ಮ ಹಿಂದೆ ಸರಿಯಿತು ಎಂಬ ವಿವರಣೆ ಈ ಜಾಗಗಳಿಗೆ ಹೊಂದುವುದಿಲ್ಲ. ರಬ್ಬಿಗಳು ವೈದ್ಯರ ಮಾತು ಕೇಳಿದರು ಎನ್ನುವುದು ಸರಿ. ಆದರೆ ವೈದ್ಯರ ಮಾತು ಕೇಳಬೇಕೆಂದು ಅವರಿಗೆ ಹೇಳಿದ್ದು ಯಾರು? ಅವರ ಧರ್ಮಶಾಸ್ತ್ರವೇ.

ಆ ಶಾಸ್ತ್ರದ ವಾದ ಹೀಗೆ ಸಾಗುತ್ತದೆ:

1. ಪ್ರಾಣ ಉಳಿಸುವ ಕರ್ತವ್ಯ, ಅವರ ಮಾತಿನಲ್ಲಿ ಪಿಕುವಾಹ್ ನೆಫೆಶ್, ಹೆಚ್ಚುಕಡಿಮೆ ಎಲ್ಲ ವಿಧಿಗಳನ್ನೂ ಹಿಂದೆ ಸರಿಸುತ್ತದೆ. ವಿಗ್ರಹಾರಾಧನೆ, ನಿಷಿದ್ಧ ಲೈಂಗಿಕ ಸಂಬಂಧ, ಕೊಲೆ, ಈ ಮೂರಕ್ಕೆ ಮಾತ್ರ ವಿನಾಯಿತಿಯಿಲ್ಲ. ಶಬ್ಬಾತ್ ದಿನದ ವಿರಾಮವೇ ಸರಿಯುವಾಗ ಮಿನ್ಯಾನ್ ಸರಿಯದೆ ಇರಲಾರದು.

2. ಅಪಾಯ ಖಚಿತವಾಗಿರಬೇಕಿಲ್ಲ, ಪ್ರಾಣಾಪಾಯದ ಸಂಶಯವಿದ್ದರೂ ಸಾಕು ಎಂದು ಸುಮಾರು ಕ್ರಿಸ್ತಶಕ 200ರ ಮಿಶ್ನಾ ಹೇಳುತ್ತದೆ. ರೋಗಿಗೆ ಯೋಮ್ ಕಿಪ್ಪೂರ್ ಉಪವಾಸದ ದಿನ ಉಣ್ಣಿಸಬೇಕೇ ಬೇಡವೇ ಎಂಬುದನ್ನು ಬಲ್ಲವರ ಮಾತಿನಂತೆ ನಿರ್ಧರಿಸಬೇಕೆಂದೂ ಅದೇ ಗ್ರಂಥ ಹೇಳುತ್ತದೆ. ವೈದ್ಯನ ಅಭಿಪ್ರಾಯ ಅಲ್ಲಿ ಹೊರಗಿನದಲ್ಲ. ಧಾರ್ಮಿಕ ತೀರ್ಪಿನೊಳಗೇ ಅದಕ್ಕೆ ಜಾಗವಿದೆ.

3. ಹೀಗೆ ನಿಯಮ ಮುರಿಯುವ ಕೆಲಸವನ್ನು ಮಕ್ಕಳಿಗೋ ಪರಧರ್ಮೀಯರಿಗೋ ವಹಿಸದೆ ಸಮುದಾಯದ ದೊಡ್ಡವರೇ ಮುಂದೆ ನಿಂತು ಮಾಡಬೇಕೆಂದು ತಾಲ್ಮುದ್ ಬಯಸುತ್ತದೆ. ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟ ರಿಯಾಯಿತಿಯಾಗಿದ್ದರೆ ದೊಡ್ಡವರನ್ನು ಮುಂದೆ ಕರೆಯುವ ಅಗತ್ಯವಿರಲಿಲ್ಲ.

ಮೂರನೆಯ ಅಂಶವೇ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ. ಪ್ರಾಣರಕ್ಷಣೆಗಾಗಿ ಶಬ್ಬಾತ್ ಮುರಿಯುವವನು ಆ ಹೊತ್ತಿಗೆ ಧರ್ಮದಿಂದ ರಜೆ ತೆಗೆದುಕೊಂಡಿಲ್ಲ; ಅವನು ಧರ್ಮವನ್ನೇ ಪಾಲಿಸುತ್ತಿದ್ದಾನೆ. ಹಾಗಿದ್ದರೆ 2020ರಲ್ಲಿ ಸಿನಗಾಗ್‌ಗೆ ಬೀಗ ಹಾಕಿದ್ದೂ ಒಂದು ಧಾರ್ಮಿಕ ಕ್ರಿಯೆ. ಇದು ಆಧುನಿಕರು ಹಳೆಯ ಪಠ್ಯಕ್ಕೆ ಅಂಟಿಸಿದ ಅರ್ಥವೂ ಅಲ್ಲ. 1831ರಲ್ಲಿ ಕಾಲರಾ ಪ್ರಷ್ಯಾದ ಪೋಸೆನ್ ಪಟ್ಟಣಕ್ಕೆ ಬಂದಾಗ ಅಲ್ಲಿನ ರಬ್ಬಿ ಅಕಿವಾ ಎಗರ್ ಸಿನಗಾಗ್‌ನಲ್ಲಿ ಒಮ್ಮೆಗೆ 15ಕ್ಕಿಂತ ಹೆಚ್ಚು ಜನ ಸೇರಬಾರದು, ಸರದಿಯ ಮೇಲೆ ಬಂದು ಹೋಗಬೇಕು ಎಂದು ಕಟ್ಟಪ್ಪಣೆ ಮಾಡಿದರು. ನೂಕುನುಗ್ಗಲು ತಡೆಯಲು ಪೊಲೀಸರ ನೆರವು ಪಡೆಯಿರಿ ಎಂದೂ ಸೂಚಿಸಿದರು. ಅವರ ಕೆಲಸವನ್ನು ಮೆಚ್ಚಿ ಪ್ರಷ್ಯಾದ ರಾಜ ಮೂರನೆಯ ಫ್ರೆಡರಿಕ್ ವಿಲಿಯಂ ಕೃತಜ್ಞತೆಯ ಪತ್ರ ಬರೆದ. ಕಾಲರಾ ನೀರಿನಿಂದ ಹರಡುತ್ತದೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ, ರೋಗಾಣು ಎಂಬ ಕಲ್ಪನೆಯೇ ಬೇರೂರಿರಲಿಲ್ಲ. ತಮ್ಮ ಕಾಲದ ತಿಳಿವಳಿಕೆ ಎಷ್ಟು ಹೇಳಿತೋ ಅಷ್ಟನ್ನು ಎಗರ್ ಗಂಭೀರವಾಗಿ ತೆಗೆದುಕೊಂಡರು. 15 ಎಂಬ ಆ ಸಂಖ್ಯೆಯನ್ನೂ ನೋಡಿ: ಹತ್ತು ಕೂಡಲು ಸಾಕು, ಗುಂಪಾಗಲು ಸಾಲದು. ಪ್ರಾಣವನ್ನೂ ಮಿನ್ಯಾನನ್ನೂ ಉಳಿಸಿಕೊಳ್ಳಲು ದಾರಿ ಹುಡುಕಿದ ಒಬ್ಬ ಕಾನೂನು ಪಂಡಿತನ ಮನಸ್ಸು ಅದರಲ್ಲಿ ಕಾಣುತ್ತದೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಶಾಸ್ತ್ರ ಇಷ್ಟು ಸ್ಪಷ್ಟವಾಗಿದ್ದರೆ ಅದನ್ನು ಅಕ್ಷರಶಃ ಪಾಲಿಸುವ, ಹರೇದಿ ಎಂಬ ಕಟ್ಟಾ ಸಂಪ್ರದಾಯಸ್ಥ ಸಮುದಾಯಗಳೇ ಏಕೆ ತಡಮಾಡಿದವು? ಬ್ನೇ ಬ್ರಾಕ್‌ನ ರಬ್ಬಿ ಹಯಿಮ್ ಕನಿಯೆವ್ಸ್ಕಿ ಆ ಲೋಕದ ಅತ್ಯುನ್ನತ ವಿದ್ವಾಂಸರಲ್ಲಿ ಒಬ್ಬರಾಗಿದ್ದರು. ಮಾರ್ಚ್ ಮಧ್ಯದಲ್ಲಿ ಅವರು ಪಾಠಶಾಲೆಗಳನ್ನು ಮುಚ್ಚಬಾರದೆಂದರು. ತೋರಾ ಅಧ್ಯಯನವೇ ರಕ್ಷೆ ಎಂಬ ನಂಬಿಕೆಗೂ ತಾಲ್ಮುದ್‌ನಲ್ಲೇ ಆಧಾರವಿದೆ. ತಿಂಗಳ ಕೊನೆಯ ಹೊತ್ತಿಗೆ ಅವರೇ, ಆರೋಗ್ಯ ನಿಯಮ ಮುರಿಯುವವನು ಇನ್ನೊಬ್ಬನ ಪ್ರಾಣಕ್ಕಾಗಿ ಬೆನ್ನಟ್ಟುವವನಿಗೆ ಸಮಾನ, ಎಲ್ಲರೂ ಒಂಟಿಯಾಗಿ ಪ್ರಾರ್ಥಿಸಿ ಎಂದು ತೀರ್ಪು ಕೊಟ್ಟರು. ಏಪ್ರಿಲ್ ಮೊದಲ ವಾರ ನಗರವನ್ನೇ ಸುತ್ತುಗಟ್ಟಿ ಮುಚ್ಚಲಾಯಿತು. ಆ ಎರಡು ವಾರಗಳ ವಿಳಂಬಕ್ಕೆ ಜನ ಬೆಲೆ ತೆತ್ತರು. ಅದನ್ನು ತೇಲಿಸಿ ಮಾತಾಡಬಾರದು. ಆದರೆ ನಡುವೆ ಬದಲಾದದ್ದು ಶಾಸ್ತ್ರವಲ್ಲ, ವಾಸ್ತವದ ಅರಿವು. ಟಿವಿ, ಇಂಟರ್‌ನೆಟ್ ಇಲ್ಲದ ಮನೆಗಳು, ಒಂದೊಂದು ಮನೆಯಲ್ಲಿ ಎಂಟು ಹತ್ತು ಮಕ್ಕಳು, ಸರ್ಕಾರದ ಮೇಲೆ ತಲೆಮಾರುಗಳ ಅಪನಂಬಿಕೆ, ಇವೆಲ್ಲ ಸೇರಿ ಅಪಾಯದ ಸುದ್ದಿ ತಡವಾಗಿ ತಲುಪಿತು, ತಲುಪಿದ್ದನ್ನು ಜನ ತಡವಾಗಿ ನಂಬಿದರು. ಸಂಶಯವಿದ್ದರೂ ಸಾಕು ಎಂದ ಶಾಸ್ತ್ರದ ಎದುರು ಈ ತಡ ಒಂದು ಲೋಪವೇ. ಆ ಲೋಪವನ್ನು ಅಳೆಯುವ ಕೋಲು ಅವರ ಶಾಸ್ತ್ರದಲ್ಲೇ ಇದೆ. ಹೀಗಾಗಿ ಬಾಗಿಲು ತೆರೆದಿಟ್ಟವರ ನಂಬಿಕೆ ಹೆಚ್ಚು, ಹಾಕಿದವರದು ಕಡಿಮೆ ಎಂಬ ಲೆಕ್ಕ ನಿಲ್ಲುವುದಿಲ್ಲ.

ಎರಡನೆಯ ಆಕ್ಷೇಪ ನ್ಯಾಯಾಲಯದಿಂದ ಬರುತ್ತದೆ. 2020ರ ನವೆಂಬರ್ 25ರಂದು ಅಮೆರಿಕದ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ನ್ಯೂಯಾರ್ಕ್ ಗವರ್ನರ್ ಕ್ಯುಮೊ ಹೇರಿದ್ದ ಮಿತಿಗಳನ್ನು ತಡೆಹಿಡಿಯಿತು. ಕೆಂಪು ವಲಯದ ಪ್ರಾರ್ಥನಾಲಯಗಳಲ್ಲಿ 10, ಕಿತ್ತಳೆ ವಲಯದಲ್ಲಿ 25 ಜನ ಎಂಬುದು ಆ ಮಿತಿ. ಕೋರ್ಟಿಗೆ ಹೋದವರಲ್ಲಿ ಬ್ರೂಕ್ಲಿನ್‌ನ ಕ್ಯಾಥೊಲಿಕ್ ಧರ್ಮಪ್ರಾಂತದ ಜೊತೆ ಅಗುದಾಥ್ ಇಸ್ರಯೇಲ್ ಎಂಬ ಆರ್ಥೊಡಾಕ್ಸ್ ಸಂಘಟನೆಯೂ ಇತ್ತು. ಹಾಗಾದರೆ ಧರ್ಮ ಸೇರುವ ಹಕ್ಕಿಗಾಗಿ ಹೋರಾಡಿತಲ್ಲವೇ? ಹೋರಾಡಿತು. ಆದರೆ ಅಂಗಡಿಗಿಲ್ಲದ ಬಿಗಿ ಪ್ರಾರ್ಥನಾಲಯಕ್ಕೇಕೆ ಎಂದು ಸರ್ಕಾರವನ್ನು ಕೇಳುವುದು ನಾಗರಿಕನ ಹಕ್ಕಿನ ಪ್ರಶ್ನೆ. ಸೇರಬಹುದಾದ ಹಕ್ಕನ್ನು ಇಂದು ಬಳಸಬೇಕೇ ಎಂಬುದು ಭಕ್ತನ ಕರ್ತವ್ಯದ ಪ್ರಶ್ನೆ. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಬೇಡ ಎಂದು ಒಬ್ಬನೇ ಮನುಷ್ಯ ಉತ್ತರಿಸಬಹುದು, ಅದರಲ್ಲಿ ವಿರೋಧಾಭಾಸವೇನೂ ಇಲ್ಲ. ಇದನ್ನು ಇಲ್ಲಿಗೇ ಬಿಡುತ್ತೇನೆ.

ಈಗ ಎರಡನೆಯ ತೀರ್ಮಾನ. ಏನೂ ಕಳೆದುಹೋಗಲಿಲ್ಲ, ಪರದೆ ಸಾಕಾಯಿತು ಎಂಬುದು. ಇದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕು. ಬಾಗಿಲು ಹಾಕಿದ್ದನ್ನು ಮೆಚ್ಚುವವರೇ ಸುಲಭವಾಗಿ ಈ ತೀರ್ಮಾನಕ್ಕೆ ಜಾರುತ್ತಾರೆ. ಝೂಮ್‌ನಲ್ಲಿ ಸೇರಿದ ಹತ್ತು ಮಂದಿಯನ್ನು ಮಿನ್ಯಾನ್ ಎಂದು ಎಣಿಸಲು ಆರ್ಥೊಡಾಕ್ಸ್ ರಬ್ಬಿಗಳು ಒಪ್ಪಲಿಲ್ಲ. ಕಾಲಕ್ಕೆ ಕುರುಡಾದ ಹಟ ಎಂದು ಅದನ್ನು ಹಲವರು ಟೀಕಿಸಿದರು. ಕನ್ಸರ್ವೇಟಿವ್ ಪಂಗಡದ ಕಾನೂನು ಸಮಿತಿ ಮಾರ್ಚ್ 17ರಂದು ತುರ್ತು ಪರಿಸ್ಥಿತಿಗೆ ಮಾತ್ರ ಎಂಬ ಷರತ್ತಿನೊಂದಿಗೆ ದೂರದ ಮಿನ್ಯಾನ್‌ಗೆ ಅನುಮತಿ ಕೊಟ್ಟಿತು. ಅದೇ ಸಮಿತಿ 2001ರಲ್ಲಿ, ಹತ್ತು ಜನ ಒಂದೇ ಜಾಗದಲ್ಲಿ ಇರಲೇಬೇಕು, ಹಾಗೆ ಕೂಡಿದ ಮೇಲೆ ಹೊರಗಿನವರು ತಂತಿಯ ಮೂಲಕ ಸೇರಿಕೊಳ್ಳಬಹುದು ಎಂದು ತೀರ್ಮಾನಿಸಿತ್ತು. ರಿಫಾರ್ಮ್ ಪಂಗಡಕ್ಕೆ ಇದು ಅಷ್ಟು ದೊಡ್ಡ ಸಮಸ್ಯೆಯೇ ಆಗಿರಲಿಲ್ಲ.

2001ರ ತೀರ್ಮಾನದಲ್ಲಿರುವ ಭೇದ ಹಳೆಯದು. ಜೋಸೆಫ್ ಕಾರೊ ಬರೆದ, 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಶುಲ್ಹಾನ್ ಅರುಖ್ ಎಂಬ ಧರ್ಮಸಂಹಿತೆ ಈ ವಿಷಯವನ್ನು ಎಳೆಎಳೆಯಾಗಿ ಬಿಡಿಸುತ್ತದೆ. ಹತ್ತು ಜನ ಒಂದೇ ಸ್ಥಳದಲ್ಲಿರಬೇಕು. ಸಿನಗಾಗ್‌ನ ಹಿಂದೆ ನಿಂತವನು, ನಡುವೆ ಕಿಟಕಿಯಿದ್ದು ಅಲ್ಲಿಂದ ಮುಖ ತೋರಿಸಿದರೆ, ಅವನನ್ನೂ ಹತ್ತರಲ್ಲಿ ಎಣಿಸಬಹುದು. ಹತ್ತು ಜನ ಕೂಡಿ ಕದ್ದೀಶ್ ಹೇಳುತ್ತಿದ್ದರೆ ಅದನ್ನು ಎಲ್ಲಿಂದ ಕೇಳಿಸಿಕೊಂಡವನೂ ಉತ್ತರಿಸಬಹುದು. ಬರಲಾಗದವನು ಸಭೆ ಪ್ರಾರ್ಥಿಸುವ ಹೊತ್ತಿಗೇ ತಾನಿದ್ದಲ್ಲಿ ಪ್ರಾರ್ಥಿಸಬೇಕು. ಸಭೆಯನ್ನು ಉಂಟುಮಾಡುವುದು ಒಂದು, ಉಂಟಾದ ಸಭೆಗೆ ಸೇರಿಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ಶಾಸ್ತ್ರ ಧಾರಾಳ, ಮೊದಲನೆಯದರಲ್ಲಿ ಬಿಗಿ. ಅದು ತಂತ್ರಜ್ಞಾನದ ಮೇಲಿನ ಸಿಟ್ಟಲ್ಲ, ತಂತ್ರಜ್ಞಾನ ಹುಟ್ಟುವ ಮೊದಲೇ ಗೆರೆ ಎಳೆದಾಗಿತ್ತು. 2020ರ ವಸಂತದಲ್ಲಿ ಇಸ್ರೇಲಿನ ಬೀದಿಗಳಲ್ಲಿ ಬಾಲ್ಕನಿಗೊಬ್ಬರಂತೆ ನಿಂತು ಮಿನ್ಯಾನ್ ಕೂಡಿಸಿದವರು ಈ ಕಿಟಕಿಯ ನಿಯಮವನ್ನೇ ಹಿಡಿದಿದ್ದರು. ಅದು ಸಲ್ಲುತ್ತದೆಯೇ ಎಂಬುದರಲ್ಲಿ ರಬ್ಬಿಗಳಿಗೆ ಒಮ್ಮತವಿರಲಿಲ್ಲ. ಆದರೂ ಕಣ್ಣಿಗೆ ಕಾಣುವ ಮುಖ, ಕಿವಿಗೆ ನೇರ ಬೀಳುವ ದನಿ ಬೇಕೆಂದು ಅವರು ಪಟ್ಟ ಪಾಡು ಅರ್ಥಪೂರ್ಣ.

ಗೆರೆ ಅಲ್ಲೇ ಏಕೆ? ಕದ್ದೀಶನ್ನು ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ. ತಂದೆಯೋ ತಾಯಿಯೋ ಸತ್ತವರು ಹನ್ನೊಂದು ತಿಂಗಳು ದಿನವೂ ಇದನ್ನು ಹೇಳುತ್ತಾರೆ. ಅದರಲ್ಲಿ ಸಾವಿನ ಮಾತೇ ಇಲ್ಲ. ಇರುವುದು ದೇವರ ಹೆಸರಿನ ಸ್ತುತಿ. ದುಃಖದಲ್ಲಿರುವವನು ಎದ್ದು ನಿಂತು ಒಂದು ಸಾಲು ಹೇಳುತ್ತಾನೆ, ಸಭೆ ಆಮೆನ್ ಎನ್ನುತ್ತದೆ. ಮತ್ತೊಂದು ಹೇಳುತ್ತಾನೆ, ಸಭೆ ಒಂದು ಉದ್ದನೆಯ ಉತ್ತರವನ್ನು ಗಟ್ಟಿಯಾಗಿ, ಒಟ್ಟಾಗಿ ಹೇಳುತ್ತದೆ. ಈ ಉತ್ತರವೇ ಕದ್ದೀಶಿನ ನಡುಗಂಬ ಎನ್ನುವುದು ಸಂಪ್ರದಾಯದ ನಿಲುವು. ಒಬ್ಬನೇ ಹೇಳಿಕೊಂಡರೆ ಅದು ಕದ್ದೀಶ್ ಆಗುವುದಿಲ್ಲ. ಈಗ ಅದನ್ನೇ ಝೂಮ್‌ನಲ್ಲಿ ನೋಡಿ. ಆ ತಂತ್ರಾಂಶ ಒಂದು ಹೊತ್ತಿಗೆ ಒಂದು ದನಿಯನ್ನು ಮುಂದೆ ತಂದು ಉಳಿದದ್ದನ್ನು ಗದ್ದಲವೆಂದು ಅದುಮುತ್ತದೆ. ಒಬ್ಬೊಬ್ಬರ ದನಿ ಒಂದೊಂದು ಕ್ಷಣ ತಡವಾಗಿ ತಲುಪುತ್ತದೆ. ಹತ್ತು ಜನ ಒಟ್ಟಿಗೆ ಉತ್ತರಿಸಿದರೆ ತುಂಡು ತುಂಡಾದ ಸದ್ದು ಬರುತ್ತದೆ. ಹಾಗಾಗಿ ನಡೆಸುವವರು ಎಲ್ಲರ ಮೈಕ್ ಮುಚ್ಚಿಸುತ್ತಿದ್ದರು. ತಾಯಿಯನ್ನು ಕಳೆದುಕೊಂಡವನು ತನ್ನ ಸಾಲು ಹೇಳಿ ನಿಲ್ಲಿಸುತ್ತಾನೆ; ಚೌಕಗಳಲ್ಲಿ ತುಟಿಗಳು ಅಲ್ಲಾಡುತ್ತವೆ; ಕೋಣೆಯಲ್ಲಿ ಅವನ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಉತ್ತರ ಬಂದಿದೆ ಎಂದು ಅವನು ಊಹಿಸಿಕೊಂಡು ಮುಂದಿನ ಸಾಲಿಗೆ ಹೋಗಬೇಕು. ಇದರಿಂದ ಅವನಿಗೆ ಏನೂ ಸಿಗಲಿಲ್ಲ ಎಂದು ನಾನು ಹೇಳುವುದಿಲ್ಲ, ಆ ಮುಖಗಳನ್ನು ಕಂಡದ್ದೇ ಅವನಿಗೆ ದೊಡ್ಡದಾಗಿರಬಹುದು. ಸಿಗದೇ ಹೋದದ್ದು ಯಾವುದೆಂದು ಮಾತ್ರ ಹೇಳುತ್ತಿದ್ದೇನೆ.

ತಂತ್ರಾಂಶ ಸುಧಾರಿಸಬಹುದು, ನಾಳೆ ಹತ್ತು ದನಿ ಒಟ್ಟಿಗೇ ಕೇಳಬಹುದು ಎನ್ನುವವರಿದ್ದಾರೆ. ಅದಕ್ಕೆ ಉತ್ತರ ಇನ್ನೂ ಆಳದಲ್ಲಿದೆ. ಒಂದು ಕೋಣೆಯಲ್ಲಿ ಹತ್ತನೆಯವನಾಗಿ ನಿಂತವನು ಎದ್ದು ಹೋದರೆ ಒಂಬತ್ತು ಜನರ ಪ್ರಾರ್ಥನೆ ಕುಂಟುತ್ತದೆ. ಅವನು ಅಲ್ಲಿರುವುದು ತನಗಾಗಿ ಅಷ್ಟೇ ಅಲ್ಲ, ಇನ್ನೊಬ್ಬನ ದುಃಖಕ್ಕೆ ಉತ್ತರ ಕೊಡುವ ಋಣಕ್ಕೆ ಕಟ್ಟುಬಿದ್ದು. ಅವನು ಎರಡು ದಿನ ಬಾರದಿದ್ದರೆ ಮೂರನೆಯ ದಿನ ಯಾರೋ ಬಾಗಿಲು ತಟ್ಟುತ್ತಾರೆ. ಅವನ ಕೈ ನಡುಗುವುದನ್ನು, ಮುಖ ಬಾಡಿದ್ದನ್ನು ಪಕ್ಕದವನು ಗಮನಿಸುತ್ತಾನೆ. ಪರದೆಯಲ್ಲಿ ಕ್ಯಾಮೆರಾ ಮುಚ್ಚುವ ಗುಂಡಿ ನನ್ನ ಕೈಯಲ್ಲಿರುತ್ತದೆ. ನನ್ನ ಮೇಲೆ ಇನ್ನೊಬ್ಬನಿಗಿರುವ ಹಕ್ಕನ್ನು ನಾನೇ ಅಳೆದು ಕೊಡುತ್ತೇನೆ. ಸೇರುವುದು ಅಪಾಯಕಾರಿಯಾದದ್ದು ಯಾವುದರಿಂದ? ಒಬ್ಬರ ಉಸಿರು ಇನ್ನೊಬ್ಬರನ್ನು ಮುಟ್ಟುವುದರಿಂದ. ಸೇರುವುದಕ್ಕೆ ಬೆಲೆ ಬಂದದ್ದೂ ಅದೇ ಸಾಮೀಪ್ಯದಿಂದ. ಸೋಂಕಿನ ಅಪಾಯವೇ ಇಲ್ಲ ಎಂದು ಗುಂಪುಗೂಡಿದವರೂ, ಪರದೆಯಿಂದ ಏನೂ ನಷ್ಟವಿಲ್ಲ ಎನ್ನುವವರೂ ಒಂದೇ ತಪ್ಪು ಮಾಡುತ್ತಿದ್ದಾರೆ: ಪ್ರಾರ್ಥನೆಯಲ್ಲಿ ಮನುಷ್ಯನ ಮೈ ಪಾಲ್ಗೊಳ್ಳುತ್ತದೆ ಎಂಬುದನ್ನು ಇಬ್ಬರೂ ಮರೆಯುತ್ತಾರೆ. ಒಬ್ಬ ತನ್ನ ನಂಬಿಕೆಗೆ ಮೈಯೇ ಇಲ್ಲವೆಂಬಂತೆ ನಡೆದುಕೊಂಡ. ಇನ್ನೊಬ್ಬ ನಂಬಿಕೆಗೆ ಮೈಯ ಅಗತ್ಯವೇ ಇಲ್ಲ ಎನ್ನುತ್ತಿದ್ದಾನೆ. ಬಾಗಿಲು ಹಾಕಿ, ಕದ್ದೀಶ್ ನಿಲ್ಲಿಸಿ, ಆ ನಷ್ಟವನ್ನು ನಷ್ಟವೆಂದೇ ಕರೆದ ರಬ್ಬಿಗಳು ಇಬ್ಬರಿಗಿಂತ ಸತ್ಯಕ್ಕೆ ಹತ್ತಿರವಿದ್ದರು.

ಇಲ್ಲಿ ಒಂದು ಆಕ್ಷೇಪ ನನ್ನನ್ನು ನಿಜವಾಗಿ ಕಾಡುತ್ತದೆ. ನಷ್ಟಕ್ಕೆ ಹೆಸರಿಟ್ಟು ಸುಮ್ಮನಾಗುವುದು ಆರೋಗ್ಯವಂತರಿಗೆ, ತುಂಬಿದ ಮನೆಯವರಿಗೆ ಸುಲಭ. ಒಂಟಿಯಾಗಿರುವ ಎಂಬತ್ತರ ವಿಧುರನಿಗೆ ತತ್ವದಿಂದ ಏನು ಪ್ರಯೋಜನ? 2020ರಲ್ಲಿ ಪೆಸಾಹ್ ಹಬ್ಬ ಏಪ್ರಿಲ್ 8ರ ಸಂಜೆ ಶುರುವಾಯಿತು. ಇಸ್ರೇಲಿನ ಹೊರಗಿನವರಿಗೆ ಗುರುವಾರ, ಶುಕ್ರವಾರ ಹಬ್ಬ, ಅದಕ್ಕೆ ಅಂಟಿಕೊಂಡು ಶನಿವಾರ ಶಬ್ಬಾತ್. ಅಂದರೆ ಸಾಂಪ್ರದಾಯಿಕರಿಗೆ ಸತತ ಮೂರು ದಿನ ಫೋನೂ ಇಲ್ಲ, ಕಂಪ್ಯೂಟರೂ ಇಲ್ಲ. ಮನೆಮಂದಿಯೆಲ್ಲ ಸೇರಿ ಈಜಿಪ್ಟಿನಿಂದ ಬಿಡುಗಡೆಯಾದ ಕಥೆ ಹೇಳಿಕೊಂಡು ಉಣ್ಣುವ ಸೇಡರ್ ರಾತ್ರಿಯಲ್ಲಿ ಎಷ್ಟೋ ಮುದುಕರು ಒಬ್ಬರೇ ಕೂತರು. ಹಬ್ಬಕ್ಕೆ ಎರಡು ವಾರ ಮೊದಲು ಇಸ್ರೇಲಿನಲ್ಲಿ ಉತ್ತರ ಆಫ್ರಿಕಾ ಮೂಲದ 14 ರಬ್ಬಿಗಳು, ಹಬ್ಬ ಹುಟ್ಟುವ ಮೊದಲೇ ಕಂಪ್ಯೂಟರ್ ಹಚ್ಚಿಟ್ಟು ಮುದುಕರು ಮಕ್ಕಳು ಮೊಮ್ಮಕ್ಕಳೊಂದಿಗೆ ಸೇಡರ್ ನಡೆಸಬಹುದು, ಈ ತುರ್ತಿಗೆ ಮಾತ್ರ ಎಂದರು. ಇಸ್ರೇಲಿನ ಮುಖ್ಯ ರಬ್ಬಿಗಳು ಅದನ್ನು ತಳ್ಳಿಹಾಕಿದರು. ನ್ಯೂಯಾರ್ಕಿನ ಯೆಶಿವಾ ವಿಶ್ವವಿದ್ಯಾಲಯದ ರಬ್ಬಿ ಹೆರ್ಶೆಲ್ ಶಾಕ್ಟರ್ ಎಲ್ಲರಿಗೂ ಅನ್ವಯಿಸುವ ಸಡಿಲಿಕೆ ಕೊಡಲಿಲ್ಲ. ಆದರೆ ಒಂಟಿತನದಿಂದ ಪ್ರಾಣಕ್ಕೆ ಕುತ್ತು ಬರಬಹುದಾದ ಮನೋರೋಗಿಗಳು ಹಬ್ಬದ ದಿನವೂ ಫೋನ್ ಬಳಸಬಹುದೆಂದು ತೀರ್ಪಿತ್ತರು. ಒಂಟಿತನವೂ ಕೊಲ್ಲಬಲ್ಲದು ಎಂದು ಒಪ್ಪಿಕೊಂಡ ಮೇಲೆ ಬೀಗ ಹಾಕಿಸಿದ ಅದೇ ಪ್ರಾಣರಕ್ಷಣೆಯ ಕರ್ತವ್ಯ ಇಲ್ಲಿ ಫೋನ್ ಎತ್ತಿಸುತ್ತದೆ. ನನಗೆ 14 ರಬ್ಬಿಗಳ ಮೇಲೂ ಗೌರವವಿದೆ, ಅವರ ಕರುಣೆ ದೊಡ್ಡದು. ಸೇಡರ್‌ಗೆ ಮಿನ್ಯಾನ್ ಬೇಕಿಲ್ಲ ಎನ್ನುವುದನ್ನು ನೆನೆದರೆ ಅವರ ಅನುಮತಿ ಝೂಮ್ ಮಿನ್ಯಾನ್‌ಗಿಂತ ಹೆಚ್ಚು ಸಮರ್ಥನೀಯವೂ ಹೌದು: ಅವರು ಇಲ್ಲದ ಸಭೆಯನ್ನು ಇದೆ ಎನ್ನಲಿಲ್ಲ, ಒಬ್ಬ ಮುದುಕನ ಒಂಟಿತನವನ್ನು ಕಡಿಮೆ ಮಾಡಲು ನೋಡಿದರು.

ಪ್ರಾಣರಕ್ಷಣೆಗೆ ಕೊನೆಯೆಲ್ಲಿ ಎಂದೂ ಕೇಳಬಹುದು. ಚಳಿಗಾಲದ ಫ್ಲೂ ಕೂಡ ಕೊಲ್ಲುತ್ತದೆ, ಸಿನಗಾಗ್‌ಗೆ ಹೋಗುವ ದಾರಿಯಲ್ಲಿ ಕಾರು ಗುದ್ದಬಹುದು. ಹಾಗೆಂದು ಎಂದೆಂದಿಗೂ ಮುಚ್ಚುವುದೇ? ಊರಿನವರೆಲ್ಲ ಸಾಮಾನ್ಯವಾಗಿ ಹೊತ್ತುಕೊಂಡು ಓಡಾಡುವ ಅಪಾಯವನ್ನು ಶಾಸ್ತ್ರ ಪ್ರಾಣಾಪಾಯದ ಲೆಕ್ಕಕ್ಕೆ ಸೇರಿಸುವುದಿಲ್ಲ. ಜನ ಕೆಲಸಕ್ಕೆ, ಮಾರುಕಟ್ಟೆಗೆ, ಮದುವೆಗೆ ಹೋಗತೊಡಗಿದ ಮೇಲೆ ಪ್ರಾರ್ಥನೆಗೆ ಮಾತ್ರ ಅಪಾಯದ ಹೆಸರು ಹೇಳುವುದು ಪ್ರಾಮಾಣಿಕವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಜಾಗತಿಕ ತುರ್ತು ಮುಗಿಯಿತೆಂದು ಘೋಷಿಸಿತು. ಆ ದಿನದ ನಂತರವೂ ತುರ್ತಿಗೆಂದು ಕೊಟ್ಟ ಅನುಮತಿಯನ್ನು ಸೌಕರ್ಯಕ್ಕಾಗಿ ಉಳಿಸಿಕೊಂಡರೆ, ಅನುಮತಿ ಕೊಟ್ಟ ಕಾರಣವನ್ನೇ ಅಲ್ಲಗಳೆದಂತೆ. ಅನುಮತಿ ಕೊಟ್ಟವರೇ ಅದು ಮುಗಿಯಿತೆಂದೂ ಬಾಯಿಬಿಟ್ಟು ಹೇಳಬೇಕು. ತಾನಾಗಿ ಸವೆದುಹೋಗಲಿ ಎಂದು ಬಿಟ್ಟರೆ ಅದು ಸವೆಯುವುದಿಲ್ಲ, ರೂಢಿಯಾಗುತ್ತದೆ.

ಹಾಗೆಂದು ಕ್ಯಾಮೆರಾ ಕಿತ್ತು ಬಿಸಾಡಬೇಕಿಲ್ಲ. ವಿದ್ಯುತ್ ಉಪಕರಣದ ನಿಷೇಧವಿಲ್ಲದ ವಾರದ ದಿನಗಳಲ್ಲಿ ಕೋಣೆಯಲ್ಲಿ ಹತ್ತು ಜನ ಇರಲಿ, ಬರಲಾಗದವರು ಪರದೆಯಿಂದ ಸೇರಿಕೊಂಡು ಆಮೆನ್ ಹೇಳಲಿ. 2001ರ ತೀರ್ಮಾನಕ್ಕೂ ಶುಲ್ಹಾನ್ ಅರುಖ್‌ನ ಗೆರೆಗೂ ಅದು ಹೊಂದುತ್ತದೆ. ಹಾಸಿಗೆ ಹಿಡಿದವರ ಮಟ್ಟಿಗೆ ಆ ಸಂಪ್ರದಾಯದಲ್ಲಿ ಇನ್ನೂ ಹಳೆಯ ದಾರಿಯೊಂದಿದೆ. ಮನೆಯಲ್ಲಿ ಸಾವಾದಾಗ ಏಳು ದಿನ ದುಃಖದಲ್ಲಿರುವವರು ಸಿನಗಾಗ್‌ಗೆ ಹೋಗುವುದಿಲ್ಲ. ಹತ್ತು ಜನ ಅವರ ಮನೆಗೆ ಬಂದು, ಅವರ ನಡುಮನೆಯಲ್ಲೇ ಪ್ರಾರ್ಥಿಸಿ, ಅವರ ಕದ್ದೀಶಿಗೆ ಉತ್ತರ ಕೊಡುತ್ತಾರೆ. ಸಾವಿನ ಮನೆಗೆ ಹೋಗಬಲ್ಲ ಸಭೆ, ವರ್ಷಕ್ಕೊಮ್ಮೆ ತಂದೆಯ ಪುಣ್ಯತಿಥಿಯ ದಿನ ಮಂಚ ಬಿಟ್ಟು ಏಳಲಾರದವಳ ಮನೆಗೂ ಹೋಗಬಹುದು. ಪರದೆ ಬಂದ ಮೇಲೆ ಅವಳಿಗೊಂದು ಕೊಂಡಿ ಕಳಿಸಿದರೆ ಕೆಲಸ ಮುಗಿಯಿತು ಎನ್ನುವ ಸಮಾಧಾನ ಸಭೆಗೆ ಸಿಕ್ಕಿಬಿಟ್ಟಿದೆ. ತಂತ್ರಾಂಶದ ಬಗ್ಗೆ ನಡೆದಷ್ಟು ಚರ್ಚೆ ಆ ಹತ್ತು ಜನರನ್ನು ಅವಳ ಮನೆಗೆ ಕಳಿಸುವುದು ಹೇಗೆಂಬುದರ ಬಗ್ಗೆಯೂ ನಡೆಯಬೇಕು.